ಗಾಯರಾಣದಿಂದ ಕಪ್ಪತಗುಡ್ಡದವರೆಗೆ

ಬಿತ್ತನೆಗೆಂದು ಕಾದಿರಿಸಿದ ಬೀಜವನ್ನು ಮಾರಿ ಹಬ್ಬ ಮಾಡಿದವನನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಶ್ರೀಮಂತನೆಂದು ಕರೆಯುವುದಿಲ್ಲ. ಆ ವರ್ಷ ಅವನ ಕೈಯಲ್ಲಿ ಹಣ ಓಡಾಡಿರಬಹುದು. ಆದರೆ ಮುಂದಿನ ಮುಂಗಾರಿಗೆ ಅವನ ಹೊಲ ಬರಿದಾಗಿರುತ್ತದೆ. ಮನೆತನ ನಡೆಸುವ ಪ್ರತಿಯೊಬ್ಬ ಗೃಹಿಣಿಗೂ ತಿಳಿದಿರುವ ಈ ಸರಳ ಸತ್ಯವು ರಾಜ್ಯಭಾರದ ಲೆಕ್ಕದಲ್ಲಿ ಬಹುಕಾಲ ಸ್ಥಾನ ಪಡೆದಿರಲಿಲ್ಲ. ಕಡಿದ ಮರ ವರಮಾನವಾಗಿತ್ತು, ನಿಂತ ಮರಕ್ಕೆ ಬೆಲೆಯಿರಲಿಲ್ಲ. ಅಗೆದ ಅದಿರು ಸಂಪತ್ತಾಗಿತ್ತು, ಅದರೊಡನೆ ಬತ್ತಿದ ಹಳ್ಳ ಯಾವ ಕಡತಕ್ಕೂ ಸೇರುತ್ತಿರಲಿಲ್ಲ.

ಈ ಲೆಕ್ಕವನ್ನು ತಿದ್ದಿದವರು ಯಾರು? ಅರ್ಥಶಾಸ್ತ್ರದ ಪಂಡಿತರೂ ಅಲ್ಲ, ಅಧಿಕಾರದಲ್ಲಿದ್ದವರೂ ಅಲ್ಲ. ಬಹುಮಟ್ಟಿಗೆ ಅವರು ದನ ಮೇಯಿಸುವವರು, ಕಟ್ಟಿಗೆ ಹೊರುವ ಹೆಣ್ಣುಮಕ್ಕಳು, ಅವರ ಬೆನ್ನಿಗೆ ನಿಂತ ಚಿಕ್ಕಪುಟ್ಟ ಪರಿಸರ ಸಂಘಗಳು, ಒಬ್ಬ ವೃದ್ಧ ಸಾಹಿತಿ, ಒಬ್ಬ ಮಠಾಧೀಶರು. ನಮ್ಮ ನಾಡಿನ ನೆಲದಲ್ಲೇ ನಡೆದ ಮೂರು ಪ್ರಸಂಗಗಳನ್ನು ವಾಚಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕುಸನೂರಿನ ಸತ್ಯಾಗ್ರಹ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗಾಯರಾಣ ಎಂದರೆ ಊರಿನ ದನಕರುಗಳು ಮೇಯುವ ಜಾಗ. ಹಳೆಯ ಮೈಸೂರು ಭಾಗದವರು ಇದನ್ನೇ ಗೋಮಾಳವೆನ್ನುತ್ತಾರೆ. ಸರ್ಕಾರದ ದಾಖಲೆಗಳಲ್ಲಿ ಇಂಥ ಎಷ್ಟೋ ಜಮೀನುಗಳು ಸಿ ಮತ್ತು ಡಿ ದರ್ಜೆಯ ಭೂಮಿ ಎಂದು ನಮೂದಾಗಿದ್ದವು. ಬಂಜರು, ಯಾರಿಗೂ ಬೇಡವಾದದ್ದು ಎಂಬುದು ಆ ಹೆಸರಿನ ಧ್ವನಿ. ವಾಸ್ತವದಲ್ಲಿ ಅಂಗೈಯಗಲ ಹೊಲವಿಲ್ಲದ ಬಡವನ ಎಮ್ಮೆ ಬದುಕುತ್ತಿದ್ದುದು ಅಲ್ಲಿಯ ಹುಲ್ಲಿನಿಂದ. ಒಲೆ ಉರಿಯುತ್ತಿದ್ದುದು ಅಲ್ಲಿಯ ಪುರಳೆಯಿಂದ. ನೇಗಿಲು, ನೊಗ, ಕುಂಟೆಗಳಿಗೆ ಮರ ಸಿಗುತ್ತಿದ್ದುದೂ ಅಲ್ಲಿಂದಲೇ.

1984ರಲ್ಲಿ ಕರ್ನಾಟಕ ಸರ್ಕಾರವು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯೊಂದನ್ನು ಸ್ಥಾಪಿಸಿತು. ಸುಮಾರು 30,000 ಹೆಕ್ಟೇರಿನಷ್ಟು, ಎಂದರೆ ಸುಮಾರು 75,000 ಎಕರೆ ಇಂಥ ಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಟ್ಟು, ಅಲ್ಲಿ ರೇಯಾನ್ ನೂಲಿನ ತಿರುಳಿಗಾಗಿ ನೀಲಗಿರಿ ಬೆಳೆಸುವುದು ಯೋಜನೆಯಾಗಿತ್ತು. ಸರ್ಕಾರದ ದೃಷ್ಟಿಯಲ್ಲಿ ಇದು ಬಂಜರಿನ ಸದುಪಯೋಗ. ಹಳ್ಳಿಗರ ದೃಷ್ಟಿಯಲ್ಲಿ ತಮ್ಮ ಕೊಟ್ಟಿಗೆಗೂ ಅಡಿಗೆಮನೆಗೂ ಬಿದ್ದ ಬೀಗ. ನೀಲಗಿರಿಯ ಎಲೆಯನ್ನು ದನ ಮುಟ್ಟದು.

ಅಮೆರಿಕದಲ್ಲಿದ್ದ ಉದ್ಯೋಗವನ್ನು ಬಿಟ್ಟು ತಾಯ್ನಾಡಿಗೆ ಮರಳಿದ್ದ ಎಸ್. ಆರ್. ಹಿರೇಮಠರು ಧಾರವಾಡದಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯವು ಹಳ್ಳಿಗರ ಪರವಾಗಿ ನಿಂತಿತು. ಮನವಿಪತ್ರಗಳು ಫಲಿಸದಿದ್ದಾಗ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಲಾಯಿತು. ಆ ಅರ್ಜಿಯಲ್ಲಿ ಮೊದಲನೆಯ ಹೆಸರು ಡಾ. ಶಿವರಾಮ ಕಾರಂತರದು. ಎಂಬತ್ತು ದಾಟಿದ್ದ ಜ್ಞಾನಪೀಠ ಪುರಸ್ಕೃತರು ಯಾರದೋ ಊರಿನ ಹುಲ್ಲುಗಾವಲಿಗಾಗಿ ದೆಹಲಿಯ ನ್ಯಾಯಪೀಠದ ಮುಂದೆ ಅರ್ಜಿದಾರರಾದುದು ಸಾಮಾನ್ಯ ಸಂಗತಿಯಲ್ಲ. 1987ರ ಮಾರ್ಚ್‌ನಲ್ಲಿ ನ್ಯಾಯಾಲಯವು ಯಥಾಸ್ಥಿತಿ ಕಾಯ್ದುಕೊಳ್ಳುವಂತೆ ಆಜ್ಞಾಪಿಸಿತು.

ಆಜ್ಞೆ ಬಂದರೂ ನೆಲದ ಮೇಲಿನ ಸ್ಥಿತಿ ಬೇಗನೆ ಬದಲಾಗಲಿಲ್ಲ. ಆಗ 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಅವರು ಕೈಗೊಂಡ ಸತ್ಯಾಗ್ರಹಕ್ಕೆ ಕಿತ್ತಿಕೋ-ಹಚ್ಚಿಕೋ ಎಂದು ಹೆಸರು. ನೀಲಗಿರಿಯ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತರು, ಅವೇ ಕುಣಿಗಳಲ್ಲಿ ಹಣ್ಣು, ಮೇವು, ಉರುವಲು ಕೊಡುವ ಗಿಡಗಳನ್ನು ಹಚ್ಚಿದರು. ಬರಿದೆ ಕಿತ್ತಿದ್ದರೆ ಅದು ಪ್ರತಿಭಟನೆ ಮಾತ್ರವಾಗುತ್ತಿತ್ತು. ಹಚ್ಚಿದ್ದರಿಂದ ಅದು ಒಂದು ನೀತಿಯ ಸೂಚನೆಯೂ ಆಯಿತು. ನಮಗೆ ಗಿಡ ಬೇಡವೆಂದಲ್ಲ, ಊರಿಗೆ ಒದಗುವ ಗಿಡ ಬೇಕು ಎಂದು ಆ ಜನ ಮಾತಿಲ್ಲದೆ ತೋರಿಸಿಕೊಟ್ಟರು.

1991ರಲ್ಲಿ ಸರ್ಕಾರವು ಆ ಕಂಪನಿಯನ್ನೇ ಮುಚ್ಚುವ ನಿರ್ಧಾರ ಕೈಗೊಂಡಿತು. ಈ ನಡುವೆ, ದೇಶದ ಇತರೆಡೆಯ ಅರಣ್ಯ ಚಳವಳಿಗಳ ಒತ್ತಡವೂ ಕೂಡಿ, 1988ರಲ್ಲಿ ಭಾರತದ ಹೊಸ ಅರಣ್ಯ ನೀತಿ ಪ್ರಕಟವಾಗಿತ್ತು. ಅರಣ್ಯದಿಂದ ಬರುವ ನೇರ ಆದಾಯವು ಪರಿಸರದ ಸಮತೋಲನಕ್ಕಿಂತ ಕೆಳಗಿನದು, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಆದಷ್ಟು ರೈತರೊಡನೆ ನೇರ ಒಪ್ಪಂದದಿಂದ ಬೆಳೆಸಿಕೊಳ್ಳಬೇಕು ಎಂಬುದು ಅದರ ಸಾರ. ಕುಸನೂರಿನ ಜನ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಬಳ್ಳಾರಿಯ ಕೆಂಧೂಳಿ

ಇಪ್ಪತ್ತು ವರ್ಷಗಳ ತರುವಾಯ ಅದೇ ಸಂಸ್ಥೆ ಇನ್ನೊಂದು, ಮತ್ತಷ್ಟು ದೊಡ್ಡ ಹೋರಾಟಕ್ಕೆ ಇಳಿಯಬೇಕಾಯಿತು. ಹೊಸ ಶತಮಾನದ ಆರಂಭದಲ್ಲಿ ಚೀನಾದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿತು. ಸಂಡೂರು, ಹೊಸಪೇಟೆ, ಬಳ್ಳಾರಿಯ ಬೆಟ್ಟಗಳು ಹಗಲಿರುಳು ಕರಗತೊಡಗಿದವು. ಲಾರಿಗಳ ಸಾಲು, ಕೆಂಪಾದ ಬೆಳೆ, ಮನೆಮನೆಯ ಕೆಮ್ಮು ಆ ಭಾಗದ ಜನರಿಗೆ ನಿತ್ಯದ ಅನುಭವವಾದವು.

ಇಲ್ಲಿಯ ಲೆಕ್ಕವನ್ನೂ ಗಮನಿಸಬೇಕು. ಅದಿರು ಮಾರುಕಟ್ಟೆಯಲ್ಲಿ ಟನ್ನಿಗೆ ಸಾವಿರಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತಿದ್ದ ಕಾಲದಲ್ಲಿ, ಅದೇ ಟನ್ನಿಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ 27 ರೂಪಾಯಿಯನ್ನು ಮೀರುತ್ತಿರಲಿಲ್ಲ. ರಾಜಧನವನ್ನು ಮಾರಾಟದ ಬೆಲೆಗೆ ಅನುಗುಣವಾಗಿ ಶೇಕಡಾ 10ರಂತೆ ನಿಗದಿಪಡಿಸಿದ್ದು 2009ರಲ್ಲಿ. ಗಡಿ ಮೀರಿ ಅಗೆದದ್ದು, ಪರವಾನಗಿಯಿಲ್ಲದೆ ಸಾಗಿಸಿದ್ದು ಇನ್ನೂ ಬೇರೆ. ಬೆಟ್ಟ ನಾಡಿನದು, ಧೂಳು ಜನರದು, ಲಾಭ ಮಾತ್ರ ಕೆಲವರದು ಎಂಬಂತಾಗಿತ್ತು.

ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರಲ್ಲಿ ಮೊದಲ ವರದಿಯನ್ನೂ, 2011ರ ಜುಲೈನಲ್ಲಿ ಎರಡನೆಯ ವರದಿಯನ್ನೂ ಸಲ್ಲಿಸಿದರು. 2009ರಲ್ಲಿ ಸಮಾಜ ಪರಿವರ್ತನ ಸಮುದಾಯವು ಸರ್ವೋಚ್ಚ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತ್ತು. ನ್ಯಾಯಾಲಯವು ತನ್ನ ಕೇಂದ್ರೀಯ ಉನ್ನತಾಧಿಕಾರ ಸಮಿತಿಯಿಂದ ತನಿಖೆ ಮಾಡಿಸಿ, 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಆ ಆಜ್ಞೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು.

ಈ ನಿಲುಗಡೆಯಿಂದ ಕಷ್ಟ ಯಾರಿಗೂ ಆಗಲಿಲ್ಲವೆಂದು ಹೇಳಿದರೆ ಅಪಚಾರವಾದೀತು. ಸಾಲ ಮಾಡಿ ಲಾರಿ ಕೊಂಡವರ ಕಂತುಗಳು ನಿಂತವು, ಗಣಿಯ ಕೂಲಿಯನ್ನೇ ನಂಬಿದ್ದ ಕುಟುಂಬಗಳು ಕಂಗೆಟ್ಟವು. ಉಕ್ಕಿನ ಕಾರ್ಖಾನೆಗಳಿಗೂ ಅದಿರಿನ ಅಭಾವ ತಲೆದೋರಿತು. ಪರಿಸರವಾದಿಗಳು ಅಭಿವೃದ್ಧಿಯ ವೈರಿಗಳು ಎಂಬ ಮಾತು ಆಗ ಎಲ್ಲೆಡೆ ಕೇಳಿಬಂದಿತು. ಆದರೆ ಆ ಕುಟುಂಬಗಳನ್ನು ಬೀದಿಗೆ ತಂದದ್ದು ತೀರ್ಪೋ, ಅಥವಾ ತೀರ್ಪು ಅನಿವಾರ್ಯವಾಗುವವರೆಗೂ ಕಾನೂನನ್ನು ಗಾಳಿಗೆ ತೂರಿದ ದುರಾಸೆಯೋ ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸಬೇಕು.

2013ರ ಏಪ್ರಿಲ್ 18ರ ಅಂತಿಮ ತೀರ್ಪು ಗಣಿಗಾರಿಕೆಯನ್ನು ಶಾಶ್ವತವಾಗಿ ನಿಷೇಧಿಸಲಿಲ್ಲ. ಗಣಿಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿ, ಘೋರ ಅಕ್ರಮವೆಸಗಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದವು ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಗೆ ಒಪ್ಪಿದ ಮೇಲೆಯೇ ಮತ್ತೆ ಆರಂಭವಾಗಬೇಕಿತ್ತು. ವರ್ಷಕ್ಕೆ ತೆಗೆಯಬಹುದಾದ ಅದಿರಿಗೆ ಮಿತಿ ಬಿದ್ದಿತು: ಬಳ್ಳಾರಿಗೆ 250 ಲಕ್ಷ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. ವಸೂಲಾದ ಹಣದಲ್ಲಿ ಒಂದು ಪಾಲು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಮೀಸಲಾಯಿತು. ನೆಲದೊಳಗಿನದು ಈ ತಲೆಮಾರಿನ ಸ್ವತ್ತು ಮಾತ್ರವಲ್ಲ, ಮೊಮ್ಮಕ್ಕಳಿಗೂ ಅದರಲ್ಲಿ ಪಾಲಿದೆ ಎಂಬ ತತ್ತ್ವವು ಹೀಗೆ ಅಂಕಿಸಂಖ್ಯೆಯ ರೂಪ ತಾಳಿತು.

ಆ ಮಿತಿಯೂ ಸ್ಥಿರವಾಗಿ ಉಳಿಯಲಿಲ್ಲ. ಹಂತಹಂತವಾಗಿ ಸಡಿಲಗೊಂಡು 2022ರ ಆಗಸ್ಟ್‌ನಲ್ಲಿ ಬಳ್ಳಾರಿಗೆ 350 ಲಕ್ಷ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ 150 ಲಕ್ಷ ಟನ್ ಎಂದಾಯಿತು. ಒಮ್ಮೆ ಗೆದ್ದದ್ದು ಎಂದೆಂದಿಗೂ ಗೆದ್ದದ್ದಲ್ಲ ಎಂಬುದಕ್ಕೆ ಇದು ನಿದರ್ಶನ.

ಗುಡ್ಡ ಕಾಯ್ದ ಗುರುಗಳು

ಮೂರನೆಯ ಪ್ರಸಂಗ ನಮ್ಮ ಸಮಾಜಕ್ಕೆ ಇನ್ನೂ ನಿಕಟವಾದುದು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ಜನ ಉತ್ತರ ಕರ್ನಾಟಕದ ಸಹ್ಯಾದ್ರಿ ಎಂದು ಕರೆಯುತ್ತಾರೆ. ಮಳೆ ಕಡಿಮೆಯಿರುವ ಆ ಸೀಮೆಯಲ್ಲಿ ಔಷಧೀಯ ಸಸ್ಯಗಳಿಗೂ, ತೋಳ, ಕತ್ತೆಕಿರುಬ, ಚಿರತೆಗಳಿಗೂ ಅದೇ ಆಶ್ರಯ. ಸುತ್ತಲಿನ ಹಳ್ಳಿಗಳ ಕೆರೆಹಳ್ಳಗಳ ನೀರಿನ ಮೂಲವೂ ಅದೇ. ಆದರೆ ಅದರ ಒಡಲಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನವೂ ಇವೆ. ಬ್ರಿಟಿಷರ ಕಾಲದಲ್ಲಿಯೇ ಆ ಸೀಮೆಯಲ್ಲಿ ಚಿನ್ನಕ್ಕಾಗಿ ಗಣಿ ತೋಡಿದ್ದುಂಟು.

ಗದಗಿನ ತೋಂಟದಾರ್ಯ ಮಠದ ಪೂಜ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಈ ಹೋರಾಟದ ಮುಂದಾಳುಗಳಾಗಿದ್ದರು. ಅದಕ್ಕೂ ಮೊದಲು, ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಫಲವತ್ತಾದ ಜಮೀನು ವಶಪಡಿಸಿಕೊಳ್ಳುವ ಪ್ರಸ್ತಾವ ಬಂದಾಗ, ಪೂಜ್ಯರು ರೈತರೊಡನೆ ನಿಂತಿದ್ದರು. ಸುಮಾರು 32 ಸಾವಿರ ಕೋಟಿ ರೂಪಾಯಿ ಬಂಡವಾಳದ ಆ ಯೋಜನೆಗೆ ಸಂಬಂಧಿಸಿದ ಭೂಸ್ವಾಧೀನವನ್ನು ಸರ್ಕಾರವು 2011ರ ಜುಲೈನಲ್ಲಿ ಕೈಬಿಟ್ಟಿತು.

2015ರ ಡಿಸೆಂಬರ್‌ನಲ್ಲಿ ಸರ್ಕಾರವು ಕಪ್ಪತಗುಡ್ಡದ 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ವರ್ಷ ತುಂಬುವುದರೊಳಗೆ, 2016ರ ನವೆಂಬರ್‌ನಲ್ಲಿ, ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. ಗಣಿಗಾರಿಕೆಗೆ ಬಾಗಿಲು ತೆರೆಯಿತೆಂದು ಜನ ಆತಂಕಗೊಂಡರು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಪೂಜ್ಯರ ನೇತೃತ್ವದಲ್ಲಿ ಧರಣಿ ನಡೆಯಿತು. ಪರಿಸರ ಸಂಘಟನೆಗಳು, ರೈತರು, ಸಾಹಿತಿಗಳು, ಹಲವು ಮಠಗಳ ಸ್ವಾಮಿಗಳು ಅದರಲ್ಲಿ ಪಾಲ್ಗೊಂಡರು. ಕಪ್ಪತಗುಡ್ಡದ ಮಡಿಲಲ್ಲಿಯೇ ಇರುವ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು ಗುಡ್ಡದ ರಕ್ಷಣೆಯನ್ನು ತಮ್ಮ ಕಾಯಕವನ್ನಾಗಿ ಮಾಡಿಕೊಂಡವರು. ಅದೇ ವರ್ಷದ ಏಪ್ರಿಲ್‌ನಲ್ಲಿ ಸರ್ಕಾರವು ತನ್ನ ನಿರ್ಧಾರವನ್ನು ಬದಲಿಸಿ, ಗುಡ್ಡಕ್ಕೆ ಸಂರಕ್ಷಿತ ಸ್ಥಾನವನ್ನು ಮರಳಿ ನೀಡಿತು.

2018ರ ಅಕ್ಟೋಬರ್ 20ರಂದು ಪೂಜ್ಯರು ಲಿಂಗೈಕ್ಯರಾದರು. ಏಳು ತಿಂಗಳ ಅನಂತರ, 2019ರ ಮೇ ತಿಂಗಳಲ್ಲಿ, 244.15 ಚದರ ಕಿಲೋಮೀಟರ್ ವಿಸ್ತಾರದ ಕಪ್ಪತಗುಡ್ಡವು ವನ್ಯಜೀವಿಧಾಮವಾಗಿ ಘೋಷಿತವಾಯಿತು. ಆ ದಿನವನ್ನು ಕಣ್ಣಾರೆ ಕಾಣಲು ಅವರಿರಲಿಲ್ಲ. ತನಗೆ ಫಲ ಸಿಗುವುದೆಂಬ ನಿರೀಕ್ಷೆಯಿಲ್ಲದೆ ಸಮಾಜಕ್ಕೆ ಸಲ್ಲಿಸುವ ಸೇವೆಯನ್ನು ದಾಸೋಹವೆಂದು ಕರೆಯುವುದಾದರೆ, ಗುಡ್ಡ ಕಾಯ್ದದ್ದೂ ದಾಸೋಹವೇ ಸರಿ.

ನಮ್ಮ ಪಾಲಿನ ಕರ್ತವ್ಯ

ಈ ಮೂರು ಪ್ರಸಂಗಗಳನ್ನು ಒಟ್ಟಿಗೆ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಪರಿಸರ ಸಂಘಗಳ ಬಲವು ಘೋಷಣೆಯ ಅಬ್ಬರದಲ್ಲಿಲ್ಲ, ದಾಖಲೆಯಲ್ಲಿದೆ. ಎಷ್ಟು ಎಕರೆ, ಯಾವ ಸರ್ವೆ ನಂಬರು, ಯಾವ ಆದೇಶದ ಉಲ್ಲಂಘನೆ ಎಂಬುದನ್ನು ಅವರು ವರ್ಷಗಟ್ಟಲೆ ಕೂಡಿಹಾಕಿದರು. ಅದರೊಡನೆ ಜನರ ಒಗ್ಗಟ್ಟು ಸೇರಿದಾಗ ಸರ್ಕಾರ ಕಿವಿಗೊಡಲೇಬೇಕಾಯಿತು. ದಾಖಲೆಯಿಲ್ಲದ ಜನಸ್ತೋಮ ಒಂದು ದಿನದ ಸುದ್ದಿಯಾಗುತ್ತದೆ. ಜನಬಲವಿಲ್ಲದ ದಾಖಲೆ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಇಂದು ಕುಸನೂರಿನ ಕಾಲಕ್ಕಿಂತ ಹೆಚ್ಚಿನ ಸಾಧನಗಳು ನಮ್ಮ ಕೈಯಲ್ಲಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಯಾವ ನಾಗರಿಕನಾದರೂ ಸರ್ಕಾರಿ ಕಡತದ ಪ್ರತಿಯನ್ನು ಕೇಳಬಹುದು. ದೊಡ್ಡ ಗಣಿ, ಕಾರ್ಖಾನೆಗಳಿಗೆ ಅನುಮತಿ ನೀಡುವ ಮುನ್ನ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂಬ ನಿಯಮವಿದೆ. ನಮ್ಮ ಊರಿನ ಬಳಿ ಅಂಥ ಸಭೆ ನಡೆದಾಗ ಮನೆಯಿಂದ ಒಬ್ಬರಾದರೂ ಹೋಗಿ ಕುಳಿತು ಕೇಳಬೇಕು, ಅನಿಸಿದ್ದನ್ನು ಲಿಖಿತವಾಗಿ ಕೊಡಬೇಕು. ಊರಿನ ಗಾಯರಾಣ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂಬುದನ್ನು ಗ್ರಾಮಸಭೆಯಲ್ಲಿ ವಿಚಾರಿಸುವುದು ಯಾರಿಗೂ ಅಸಾಧ್ಯವಲ್ಲ. ಕೆಲವೆಡೆ ಒತ್ತುವರಿ ಮಾಡಿದವರು ಹೊರಗಿನ ಕಂಪನಿಗಳಲ್ಲ, ನಮ್ಮ ನಿಮ್ಮಂಥವರೇ ಎಂಬುದೂ ಆಗ ತಿಳಿದೀತು. ಹಾಗೆ ತಿಳಿದಾಗ ತಿದ್ದಿಕೊಳ್ಳುವ ಧೈರ್ಯವೂ ನಮಗಿರಬೇಕು.

ಉಕ್ಕು, ಕಾಗದ, ಬಟ್ಟೆ ನಮಗೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಕುಸನೂರಿನ ರೈತರಾಗಲಿ ಗದಗಿನ ಗುರುಗಳಾಗಲಿ ಬೇಡವೆಂದು ಹೇಳಲಿಲ್ಲ. ಎಷ್ಟು ಬೇಕು, ಯಾರ ಪಾಲಿನಿಂದ ಬೇಕು, ತೆಗೆದ ಮೇಲೆ ಏನು ಉಳಿದೀತು ಎಂದಷ್ಟೇ ಅವರು ಕೇಳಿದರು. ಮನೆಯ ಯಜಮಾನ ಬಿತ್ತನೆ ಬೀಜದ ಚೀಲಕ್ಕೆ ಕೈ ಹಾಕಿದಾಗ ಮನೆಯ ಹಿರಿಯರು ಕೇಳುವ ಪ್ರಶ್ನೆಯೂ ಇದೇ ಅಲ್ಲವೇ? ನಾಡೆಂಬ ದೊಡ್ಡ ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳುವ ಹೊಣೆ ಈಗ ನಮ್ಮೆಲ್ಲರದು.