ಹೊಗೆ ನೋಡಿ ಎಂಜಿನ್ ಬಿಚ್ಚಿಸಬೇಕಿಲ್ಲ

ಹಳೆಯ ಟ್ರ್ಯಾಕ್ಟರು ಹೊಗೆ ಉಗುಳಿದ ಮಾತ್ರಕ್ಕೆ ಎಂಜಿನ್ ಬಿಚ್ಚಿಸಬೇಕಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ರಾಗಿ ಹೊಲ ಉಳುವುದಕ್ಕೂ ಅದೇ, ಟೊಮೆಟೊ, ಮಾವು ಮಂಡಿಗೆ ಸಾಗಿಸುವುದಕ್ಕೂ ಅದೇ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆಯುವುದಕ್ಕೂ ಅದೇ. ಅಷ್ಟು ದುಡಿದ ಎಂಜಿನ್ನಿನಲ್ಲಿ ಹೊಗೆಯ ಬಣ್ಣ ಮೊದಲ ಸುಳಿವು ಮಾತ್ರ. ಕಪ್ಪು ಹೊಗೆಗೆ ಬಹುತೇಕ ಏರ್ ಕ್ಲೀನರ್ ಕಟ್ಟಿಕೊಂಡಿರುವುದು ಇಲ್ಲವೇ ನಾಝಲ್ ಕೆಟ್ಟಿರುವುದು ಕಾರಣ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಸುಡದ ಡೀಸೆಲ್ಲಿನದು. ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಚಿಂತಿಸಬೇಕಾದ್ದು ಆಯಿಲ್ ಸುಡುವ ನೀಲಿ ಹೊಗೆಗೆ.

ಯಾವ ಸಿಲಿಂಡರ್ ಸೋತಿದೆ ಎಂದು ತಿಳಿಯಲು ಮೆಕ್ಯಾನಿಕ್ ಎಂಜಿನ್ ಸ್ಲೋನಲ್ಲಿಟ್ಟು ನಾಝಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಾನೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. (ಚಿಮ್ಮುವ ಡೀಸೆಲ್ ಚರ್ಮದೊಳಕ್ಕೇ ನುಗ್ಗಬಲ್ಲದು, ಕೈ ಅಡ್ಡ ಇಡಬಾರದು.) ಅದರ ನಾಝಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿದಾಗ ದೋಷವೂ ಜೊತೆಗೆ ಹೋದರೆ ನಾಝಲ್ ರಿಪೇರಿಯಲ್ಲೇ ಕೆಲಸ ಮುಗಿಯುತ್ತದೆ. ದೋಷ ಅಲ್ಲೇ ಉಳಿದರೆ ವಾಲ್ವು ಅಥವಾ ರಿಂಗಿನ ಸರದಿ.

ರಿಂಗು ಸವೆದಿದ್ದರೆ ಬ್ರೀದರ್ ಪೈಪೇ ಹೇಳುತ್ತದೆ. ಎಂಜಿನ್ ಓಡುವಾಗ ಅಲ್ಲಿಂದ ಹೊಗೆ ಬುಸುಬುಸು ಎಂದು ಬರುತ್ತದೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಮುಖಕ್ಕೇ ಹೊಡೆಯುತ್ತದೆ. ಕಂಪ್ರೆಷನ್ ಗೇಜ್ ಇಟ್ಟರೆ ಇನ್ನೂ ಖಚಿತ: ಗಟ್ಟಿ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಬರುತ್ತದೆ. ಕಡಿಮೆ ಬಂದ ಸಿಲಿಂಡರಿಗೆ ಕೆಲವು ಹನಿ ಆಯಿಲ್ ಬಿಟ್ಟಾಗ ಅಳತೆ ಏರಿದರೆ ತಪ್ಪು ರಿಂಗಿನದು, ಏರದಿದ್ದರೆ ವಾಲ್ವಿನದು.

ಆಯಿಲ್ ಪ್ರೆಷರ್ ಬೇರೆಯೇ ಲೆಕ್ಕ. ಎಂಜಿನ್ ಕಾದಾಗ ಮುಳ್ಳು ಕೆಳಗಿಳಿದು, ಕೆಳಗಡೆ ಕಟಕಟ ಸದ್ದು ಬಂದರೆ ಬೇರಿಂಗ್ ಸವೆದಿದೆ. ಪ್ರೆಷರ್ ಸರಿಯಿದ್ದರೆ ರಿಂಗು, ಪಿಸ್ಟನ್, ಲೈನರ್ ಬದಲಿಸುವ ಹಾಫ್ ಎಂಜಿನ್ ಸಾಕು. ಇಲ್ಲದಿದ್ದರೆ ಕ್ರ್ಯಾಂಕನ್ನೂ ಗ್ರೈಂಡಿಂಗಿಗೆ ಕಳಿಸಬೇಕು. ಟ್ರ್ಯಾಕ್ಟರ್ ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಎಚ್‌ಎಂಟಿಯಂಥ ಕಂಪನಿಯ ಟ್ರ್ಯಾಕ್ಟರಾದರೆ, ಬಿಚ್ಚುವ ಮೊದಲೇ ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಕೆಲಸ ಮುಗಿದ ಮೇಲೂ ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನೊಳಗೆ ಬೆರಳಾಡಿಸಿ ನೋಡಬೇಕು. ಬೆರಳಿಗೆ ಕೆಂಪು ಧೂಳು ಹತ್ತಿದರೆ ಪೈಪು ಎಲ್ಲೋ ಸೀಳಿದೆ. ಅದನ್ನು ಬದಲಿಸದೆ ಹಾಕಿದ ಹೊಸ ರಿಂಗು ಹೆಚ್ಚು ದಿನ ಬಾಳುವುದಿಲ್ಲ.