ಬಚ್ಚಲಿನ ಪರದೆ: ಆರಿಸುವುದು ಹೇಗೆ, ಕಾಪಾಡುವುದು ಹೇಗೆ?



ಕಳೆದ ತಿಂಗಳು ನನ್ನ ಮಗಳು ಐರೋಲಿಯಲ್ಲಿ ಬಾಡಿಗೆ ಮನೆ ಹಿಡಿದಳು. ಸಾಮಾನು ಹೊಂದಿಸುತ್ತಿದ್ದವಳು ಫೋನ್ ಮಾಡಿ, "ಅಮ್ಮಾ, ಶವರ್ ಪರದಾ ತರಸೋಣಂತ ನೋಡಿದ್ರ, ಅದಕ್ಕ ಲೈನರ್ ಬ್ಯಾರೆ ತಗೋರಿ ಅಂತಾರ. ಒಂದು ಪರದಾಕ್ಕ ಇನ್ನೊಂದು ಪರದಾ ಯಾಕ? ಬಚ್ಚಲಕ್ಕ ಬಾಗಲಾ ಐತೆಲ್ಲ!" ಎಂದಳು. ನನಗೆ ನಗು ಬಂತು. ಆದರೆ ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅದನ್ನೇ ಯೋಚಿಸುತ್ತ ಕುಳಿತೆ. ನಿಮ್ಮಲ್ಲಿ ಅನೇಕರು ಈಗ ಹೊಸ ಮನೆ ಮಾಡುವ ವಯಸ್ಸಿನವರು. ಅವಳಿಗೆ ಹೇಳಿದ್ದನ್ನು ನಿಮಗೂ ಹೇಳೋಣವೆಂದು ಈ ಲೇಖನ.

ಮೋರಿಯ ಪರದೆ

ನಾನು 1994ರಲ್ಲಿ ಮದುವೆಯಾಗಿ ಧಾರವಾಡದಿಂದ ಧಾರಾವಿಗೆ ಬಂದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದೇ ಕೋಣೆ. ಅತ್ತೆ, ಮಾವ, ಮೈದುನ, ನಾದಿನಿ, ನಾವಿಬ್ಬರು ಸೇರಿ ಆರು ಜನ. ಕೋಣೆಯ ಒಂದು ಮೂಲೆಯಲ್ಲಿ ಗೇಣುದ್ದದ ಕಟ್ಟೆ ಕಟ್ಟಿದ ಮೋರಿ, ಪಕ್ಕದಲ್ಲಿ ನೀರಿನ ಡ್ರಮ್ಮು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಸ್ನಾನ ಎಲ್ಲವೂ ಅಲ್ಲೇ. ನೆರೆಯ ಮರಾಠಿಯವರು ಸ್ನಾನದ ಜಾಗಕ್ಕೆ 'ನ್ಹಾಣಿ' ಎನ್ನುತ್ತಿದ್ದರು. ಪ್ಲಂಬರುಗಳು ಇಂದಿಗೂ ಬಚ್ಚಲಿನ ನೆಲದ ಜಾಲರಿಯ ಕೆಳಗೆ ಕೂಡಿಸುವ 'ನಹಾನಿ ಟ್ರ್ಯಾಪ್' ಎಂಬ ಹೆಸರು ಆ ಮಾತಿನಿಂದಲೇ ಬಂದದ್ದು.

ತವರಿನಲ್ಲಿ ಹಂಡೆ ಹೂಳಿದ ಬಚ್ಚಲಮನೆಯಿತ್ತು, ಅದಕ್ಕೆ ಅಗುಳಿಯಿದ್ದ ಬಾಗಿಲಿತ್ತು. ಇಲ್ಲಿ ಮೋರಿಗೆ ಅಡ್ಡವಾಗಿ ಹಗ್ಗದ ಮೇಲೆ ಅತ್ತೆಯವರ ಹಳೆಯ ನೂಲಿನ ಸೀರೆ. ನೂಲಿನ ಸೀರೆ ನೀರು ಬಿದ್ದೊಡನೆ ಮೈಗೆ ಅಂಟುತ್ತದೆ. ಒದ್ದೆಯಾದರೆ ಆಚೆಯದೆಲ್ಲ ಕಾಣುತ್ತದೆ. ಹಾಗಾಗಿ ಹೆಂಗಸರು ಸ್ನಾನ ಮಾಡುವಾಗ ಗಂಡಸರು ಹೊರಗೆ ಗಲ್ಲಿಯಲ್ಲಿ ನಿಲ್ಲಬೇಕು. ಜೋರು ಮಳೆಯಲ್ಲಿ ಅವರನ್ನು ಹೊರಗೆ ಕಳಿಸುವುದಾದರೂ ಹೇಗೆ?

ಹತ್ತನೇ ತರಗತಿಯಲ್ಲಿದ್ದ ನಾದಿನಿ ಬೆಳಗಿನ ನಾಲ್ಕು ಗಂಟೆಗೆ ಎದ್ದು, ದೀಪ ಹಾಕದೆ, ಸಪ್ಪಳವಾಗದಂತೆ ತಂಬಿಗೆಯನ್ನು ಗೋಡೆಗೆ ಆನಿಸಿ ನೀರು ಹೊಯ್ದುಕೊಳ್ಳುತ್ತಿದ್ದಳು. ಊರಿನಿಂದ ನೆಂಟರು ಬಂದು ಮೋರಿಯವರೆಗೂ ಹಾಸಿಗೆ ಬಿದ್ದ ದಿನ ಅದೂ ಇಲ್ಲ. ಮುಖ ತೊಳೆದುಕೊಂಡು ಶಾಲೆಗೆ ಹೋಗುತ್ತಿದ್ದಳು. ತಿಂಗಳಿನ ದಿನಗಳಲ್ಲೂ ಹೀಗಾಗುತ್ತಿತ್ತು. ಒಂದು ಸಂಜೆ ನನ್ನ ಬಳಿ ಬಂದು, "ವೈನಿ, ನಾ ನಾಳೆ ಸಾಲಿಗೆ ಹೋಗೂದಿಲ್ಲ" ಎಂದಳು. ಕಾರಣ ಕೇಳಲಿಲ್ಲ. ನನಗೆ ಗೊತ್ತಿತ್ತು.

ಆಗ ನಾನು ಗಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳತೊಡಗಿದ್ದೆ. ಆ ತಿಂಗಳ ಫೀಯಲ್ಲಿ ಮೀಟರ್ ಲೆಕ್ಕದಲ್ಲಿ ಮಾರುವ ದಪ್ಪ ಪ್ಲಾಸ್ಟಿಕ್ ತಂದೆ. ನೀಲಿ ಹೂವಿನದು, ಆಚೆ ಈಚೆ ಏನೂ ಕಾಣದಂಥದು. ನಮ್ಮವರು ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು ಹಾಕಿಕೊಟ್ಟರು. ಅತ್ತೆಯವರು ನೋಡಿ, "ಇದೇನವಾ, ಬಚ್ಚಲದ ಪರದಾ ಏನು, ನಾಟಕ ಕಂಪನಿ ಪರದಾ?" ಎಂದು ನಕ್ಕರು. ಮರುದಿನ ಅದರ ಹಿಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಸ್ನಾನ ಮಾಡಿದವರು ಅವರೇ. ನಾದಿನಿ ಆರು ಗಂಟೆಗೆ ಏಳುವ ಹಾಗಾಯಿತು.

ಆರಿಸುವಾಗ

ಲೈನರ್ ಎಂದರೆ ಒಳಪರದೆ. ಪಶ್ಚಿಮ ದೇಶಗಳಲ್ಲಿ ಸ್ನಾನದ ತೊಟ್ಟಿಯಿರುತ್ತದೆ. ನೀರು ತಡೆಯುವ ಪ್ಲಾಸ್ಟಿಕ್ ಒಳಪರದೆಯನ್ನು ತೊಟ್ಟಿಯ ಒಳಕ್ಕೆ ಬಿಡುತ್ತಾರೆ. ಅಂದದ ಬಟ್ಟೆಯ ಪರದೆ ಹೊರಗೆ ತೂಗುತ್ತದೆ. ಒಳಗಿನದು ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ನಮ್ಮಲ್ಲಿ ತೊಟ್ಟಿ ಅಪರೂಪ. ಬಾಗಿಲಿರುವ ಬಚ್ಚಲಲ್ಲಿ ಒಂದೇ ಒಳ್ಳೆಯ ಪರದೆ ಸಾಕು. ಬಟ್ಟೆಯದೇ ಬೇಕೆನಿಸಿದರೆ ಮಾತ್ರ ಒಳಗೊಂದು ಲೈನರ್ ಹಾಕಿ. ಅದರ ಅಂಚು ಕಟ್ಟೆಯ ಒಳಗಿರಲಿ.

ಅಳತೆ ಮೊದಲು, ಬಣ್ಣ ಆಮೇಲೆ. ಸರಳಿನಿಂದ ನೆಲದವರೆಗೆ ಅಳೆದು ಎರಡು ಇಂಚು ಕಳೆಯಿರಿ. ನೆಲಕ್ಕೆ ತಾಗಿದ ಅಂಚು ಎಂದೂ ಒಣಗುವುದಿಲ್ಲ. ಹೊರದೇಶದ ಅಳತೆ ಸಾಮಾನ್ಯವಾಗಿ 72 ಇಂಚು ಉದ್ದ, 72 ಇಂಚು ಅಗಲ. ಅದು ತೊಟ್ಟಿಯಿರುವವರ ಲೆಕ್ಕ. ನಮ್ಮ ಎತ್ತರದ ಸರಳಿಗೆ ಅದು ಗಿಡ್ಡವಾಗಬಹುದು. ಅಂಚಿನಲ್ಲಿ ಅಯಸ್ಕಾಂತವಿರುವ ಪರದೆಗೆ ಹೆಚ್ಚು ಹಣ ಕೊಡಬೇಡಿ. ಅದು ಕಬ್ಬಿಣದ ತೊಟ್ಟಿಗೆ ಅಂಟುತ್ತದೆ, ನಮ್ಮ ಟೈಲ್ಸಿಗೆ ಅಂಟುವುದಿಲ್ಲ.

ಪಿವಿಸಿ ಅಗ್ಗ ಮತ್ತು ಗಟ್ಟಿ, ಆದರೆ ಬಿಚ್ಚಿದಾಗ ಘಾಟು ವಾಸನೆ. ಎರಡು ದಿನ ಗಾಳಿಗೆ ಹರವಿ ಬಳಸಿರಿ. ಪೆವಾ ಎಂಬ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇಲ್ಲ, ವಾಸನೆಯೂ ಕಡಿಮೆ. ಪಾಲಿಯೆಸ್ಟರ್ ಬಟ್ಟೆಯದು ಬೇಗ ಒಣಗುತ್ತದೆ, ಮಷೀನಿನಲ್ಲಿ ತೊಳೆಯಬಹುದು. ಹತ್ತಿಯದು ಮುಂಬಯಿಯ ಮಳೆಗಾಲಕ್ಕೆ ಬೇಡವೇ ಬೇಡ. ಉಂಗುರಗಳು ಸ್ಟೀಲಿನವು ಅಥವಾ ಪ್ಲಾಸ್ಟಿಕ್ಕಿನವು ಇರಲಿ. ನನ್ನ ಮೊದಲ ಪರದೆಯ ಕಬ್ಬಿಣದ ಉಂಗುರಗಳು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ನೀಲಿ ಹೂವಿನ ಮೇಲೆಲ್ಲ ಕೆಂಪು ಗೆರೆ ಇಳಿಸಿದವು.

ಶವರ್ ಬಿಟ್ಟಾಗ ತೆಳು ಪರದೆ ಒಳಕ್ಕೆ ಬಂದು ಕಾಲಿಗೆ ಅಂಟುವುದನ್ನು ನೋಡಿದ್ದೀರಲ್ಲ? ಅಮೆರಿಕದ ಡೇವಿಡ್ ಶ್ಮಿಟ್ ಎಂಬ ವಿಜ್ಞಾನಿ ಅದಕ್ಕೆ ಲೆಕ್ಕ ಹಾಕಿ, ನೀರಿನ ತುಂತುರು ಗಾಳಿಯಲ್ಲಿ ಸುಳಿ ಎಬ್ಬಿಸಿ ಒಳಗಿನ ಒತ್ತಡ ಇಳಿಸುತ್ತದೆಂದು ಹೇಳಿದರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ 2001ರಲ್ಲಿ ಅವರಿಗೆ ಬಂತು. ನಮ್ಮ ಉಪಾಯ ಸುಲಭ: ಅಂಚಿನಲ್ಲಿ ತೂಕವಿರುವ ದಪ್ಪ ಪರದೆ ಹಾಕಿ, ಇಲ್ಲವೇ ಬಕೆಟ್ ನೀರಿನಲ್ಲಿ ಸ್ನಾನ ಮಾಡಿ!

ಕಾಪಾಡುವಾಗ

ಪರದೆಯನ್ನು ಕೆಡಿಸುವುದು ನೀರೊಂದೇ ಅಲ್ಲ. ಸಾಬೂನಿನ ಜಿಡ್ಡು ಮತ್ತು ಮೈಯ ಎಣ್ಣೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕೆಲವೊಮ್ಮೆ ಕಾಣುವ ಗುಲಾಬಿ ಲೋಳೆ ಬೂಷ್ಟಲ್ಲ, ಹೆಚ್ಚಾಗಿ ಸೆರೇಶಿಯಾ ಎಂಬ ಬ್ಯಾಕ್ಟೀರಿಯಾ. ಎರಡಕ್ಕೂ ಮೊದಲ ಮದ್ದು ಒಂದೇ: ಸ್ನಾನವಾದ ಮೇಲೆ ಪರದೆಯನ್ನು ಒಮ್ಮೆ ಕೊಡವಿ, ಪೂರ್ತಿ ಹರವಿ ಬಿಡಿ. ಮುದ್ದೆಯಾಗಿ ಸರಿಸಿಟ್ಟರೆ ಮಡಿಕೆಯೊಳಗೆ ನೀರು ನಿಲ್ಲುತ್ತದೆ. ಫ್ಯಾನಿದ್ದರೆ ಕಾಲು ಗಂಟೆ ಓಡಲಿ.

ವಾರಕ್ಕೊಮ್ಮೆ ಕೆಳಗಿನ ಒಂದು ಗೇಣನ್ನು ಸೋಪಿನ ಪುಡಿ ಹಾಕಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿರಿ. ಕಲೆ ಹಿಡಿದಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ. ಮಷೀನಿಗೆ ಹಾಕುವುದಾದರೆ ಉಂಗುರ ಬಿಚ್ಚಿ, ಎರಡು ಟವೆಲ್ ಜೊತೆಗೆ ಹಾಕಿ, ಟವೆಲ್ಲೇ ತಿಕ್ಕುತ್ತದೆ. ಪ್ಲಾಸ್ಟಿಕ್ಕಿನದಕ್ಕೆ ಬಿಸಿನೀರು, ಡ್ರೈಯರ್ ಎರಡೂ ಬೇಡ.

ಒಂದು ಎಚ್ಚರಿಕೆ ಮರೆಯಬೇಡಿ. ಬ್ಲೀಚ್ ಬಳಸಿದರೆ ಅದರೊಂದಿಗೆ ವಿನೆಗರ್ ಆಗಲಿ, ಶೌಚಾಲಯ ತೊಳೆಯುವ ಆಸಿಡ್ ಆಗಲಿ ಕೂಡಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಹಳೆಯ ಪರದೆಯನ್ನು ಎಸೆಯುವ ಮುನ್ನ ಯೋಚಿಸಿ. ಧಾರಾವಿಯ 13ನೇ ಕಂಪೌಂಡಿನಲ್ಲಿ ಊರ ಪ್ಲಾಸ್ಟಿಕ್ಕನ್ನೆಲ್ಲ ಕೈಯಿಂದ ವಿಂಗಡಿಸಿ ಮತ್ತೆ ಬಳಕೆಗೆ ತರುತ್ತಾರೆ. ಪಿವಿಸಿ ಬೇರೆ ಪ್ಲಾಸ್ಟಿಕ್ಕಿನ ಜೊತೆ ಬೆರೆತರೆ ಇಡೀ ರಾಶಿ ಕೆಡುತ್ತದೆ. ಆದ್ದರಿಂದ ಭಂಗಾರದವನಿಗೆ ಅದನ್ನು ಬೇರೆಯಾಗಿಯೇ ಕೊಡಿ. ಸುಡಲಂತೂ ಬೇಡಿ, ಹೊಗೆ ವಿಷ.

ನಮ್ಮ ನೀಲಿ ಪರದೆ ಭಂಗಾರಕ್ಕೆ ಹೋಗಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿತು. ಕೋಣೆಯಲ್ಲಿ ಸೊಂಟದವರೆಗೆ ನೀರು. ನಮ್ಮವರು ಪರದೆಯನ್ನು ಕಿತ್ತು ರೇಶನ್ ಕಾರ್ಡು, ನನ್ನ ಬಿ.ಎ. ಸರ್ಟಿಫಿಕೇಟು, ಮಗಳ ಮೂರನೇ ತರಗತಿಯ ಪುಸ್ತಕಗಳನ್ನು ಅದರಲ್ಲಿ ಸುತ್ತಿ ಮಾಳಿಗೆಗೆ ಏರಿಸಿದರು. ಕಾಗದಗಳು ಉಳಿದವು, ಪರದೆ ಹರಿಯಿತು. ಆಮೇಲಿನ ಹತ್ತು ದಿನ ನಾವು ಹೆಂಗಸರು ಒಬ್ಬರಿಗೊಬ್ಬರು ಸೀರೆ ಹಿಡಿದು ನಿಂತು ಸ್ನಾನ ಮಾಡಿದೆವು. ಮತ್ತೆ ಮನೆಗೆ ಕೊಂಡ ಮೊದಲ ವಸ್ತು ಯಾವುದೆಂದು ನೀವೇ ಊಹಿಸಿ.

2009ರಲ್ಲಿ ನಮಗೆ ಪುನರ್ವಸತಿ ಕಟ್ಟಡದಲ್ಲಿ 225 ಚದರಡಿಯ ಮನೆ ಸಿಕ್ಕಿತು. ಬಚ್ಚಲಿಗೆ ಬಾಗಿಲಿತ್ತು. ಮೊದಲ ದಿನ ಅತ್ತೆಯವರು ಅಗುಳಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಧಾರಾವಿಯ ಪುನರಭಿವೃದ್ಧಿಯಲ್ಲಿ ಅರ್ಹರಿಗೆ ಪ್ರತ್ಯೇಕ ಅಡುಗೆಮನೆ, ಶೌಚಾಲಯವಿರುವ 350 ಚದರಡಿಯ ಮನೆ ಕೊಡುವುದಾಗಿ 2024ರಲ್ಲಿ ಪ್ರಕಟಿಸಿದ್ದಾರೆ. ಅದಕ್ಕಾಗಿ ಕಾಯುತ್ತಿರುವ ಮನೆಗಳಲ್ಲಿ ಇಂದಿಗೂ ಹುಡುಗಿಯರು ಮೋರಿಯ ಪರದೆಯ ಹಿಂದೆಯೇ ಸ್ನಾನ ಮಾಡುತ್ತಾರೆ. ಈ ಪತ್ರಿಕೆ ಓದುವ ನಿಮ್ಮಲ್ಲೂ ಕೆಲವರು ಹಾಗೆಯೇ ಇರಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಿಮಗೆ ನನ್ನ ಸಲಹೆ ಬೇರೆ: ಅಂದ ನೋಡಬೇಡಿ, ದಪ್ಪ ನೋಡಿ. ಕೊಳ್ಳುವ ಮುನ್ನ ಪರದೆಯ ಹಿಂದೆ ಕೈ ಹಿಡಿದು ಬೆಳಕಿಗೆ ಎತ್ತಿ. ಕೈಯ ನೆರಳು ಕಂಡರೆ ಬಿಡಿ. ಮೋರಿಗಿಂತ ಒಂದೂವರೆ ಪಟ್ಟು ಅಗಲವಿರಲಿ, ಪಕ್ಕದಲ್ಲಿ ಸಂದಿ ಬಿಡಬಾರದು.

ಬಾಗಿಲಿರುವವರಿಗೆ ಪರದೆಯಿಂದ ನೆಲ ಒಣಗಿರುತ್ತದೆ, ಅಷ್ಟೇ. ಬಾಗಿಲಿಲ್ಲದವರಿಗೆ ಪರದೆಯೇ ಬಾಗಿಲು. ಮಗಳಿಗೂ ಇದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಆ ನೀಲಿ ಹೂವಿನದು ನನಗ ನೆನಪೈತಿ" ಎಂದಳು. ಕೊನೆಗೆ ಅವಳು ಕೊಂಡದ್ದು ಒಂದೇ ಪರದೆ, ಲೈನರ್ ಇಲ್ಲದೆ. ಬಣ್ಣ ಮಾತ್ರ ನೀಲಿ.

ನೀವೂ ಒಮ್ಮೆ ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ನೋಡಿ, ಈ ಊರಿಗೆ ಬಂದ ಹೊಸದರಲ್ಲಿ ಅವರು ಎಲ್ಲಿ ಸ್ನಾನ ಮಾಡುತ್ತಿದ್ದರೆಂದು. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.