ಬ್ಲೇಡಿನ ನಟ್ಟು: ಬಿಗಿ ಎಷ್ಟಿರಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ತೋಟದ ಹುಲ್ಲು ಹೊಡೆಯಲು ಮೆಶಿನ್ನೇ ಗತಿ. ಕಳೆದ ಮಳೆಗಾಲ ನಮ್ಮದರ ನಟ್ಟು ಸಡಿಲಾಗಿ ಬ್ಲೇಡು ಹಾರಿ ಅಡಿಕೆ ಮರಕ್ಕೆ ನೆಟ್ಟಿತು. ಕಾಲು ಉಳಿದದ್ದೇ ಪುಣ್ಯ. ತಪ್ಪು ನನ್ನದೇ, ಸವೆದ ನಟ್ಟು, ಅಂದಾಜಿನ ಬಿಗಿ.

ಇಂಜಿನ್ ನಿಲ್ಲಿಸಿ ಪ್ಲಗ್ಗಿನ ಕ್ಯಾಪ್ ತೆಗೆಯಿರಿ. ಮಣ್ಣು ಒರೆಸಿ ಬ್ಲೇಡು ಸಮ ಕೂರಿಸಿ. ಗೇರ್ ಬಾಕ್ಸಿನ ತೂತಿಗೆ ಪಿನ್ನು ಹಾಕಿ. ಈ ನಟ್ಟು ಸಾಮಾನ್ಯವಾಗಿ ಎಡ ಥ್ರೆಡ್ಡಿನದು. ಎಡಕ್ಕೆ ತಿರುಗಿಸಿದರೆ ಬಿಗಿ. 30 ಸೆಂ.ಮೀ. ಸ್ಪಾನರಿನ ತುದಿಗೆ 10 ಕಿಲೋ ಬಲ ಹಾಕಿದರೆ ಸುಮಾರು 30 ನ್ಯೂಟನ್-ಮೀಟರ್. ನಿಮ್ಮ ಮೆಶಿನ್ನಿಗೆ ಎಷ್ಟು ಬೇಕೆಂದು ಅದರ ಪುಸ್ತಕದಲ್ಲಿ ನೋಡಿ. ಸ್ಪಾನರಿಗೆ ಪೈಪು ತೂರಿಸಿ ಎಳೆದರೆ ಥ್ರೆಡ್ಡೇ ಹೋದೀತು. ಬೆರಳಲ್ಲೇ ತಿರುಗುವ ಲಾಕ್ ನಟ್ಟು ಬಿಸಾಡಿ. ಚಾಲೂ ಮಾಡುವ ಮುಂಚೆ ಪಿನ್ನು ತೆಗೆಯಲು ಮರೀಬೇಡಿ.